ಇಟ್ಟುಕೊಳ್ಳಬಹುದಾದದ್ದು ಎರಡೇ: ಮೈಸೂರಿನಲ್ಲಿ ಕೂತು ಹಳೇ ಪಿಸ್ತೂಲು ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಮೈಸೂರಿಗೆ ಹೊಸದಾಗಿ ಬಂದವರು ಗನ್‌ಹೌಸ್ ಸರ್ಕಲ್ ಅಂತ ಕೇಳಿದ ತಕ್ಷಣ ಅಲ್ಲಿ ಬಂದೂಕು ಮಾರುತ್ತಾರೆ ಅಂದುಕೊಳ್ಳುತ್ತಾರೆ. ನಾನೂ ಚಿಕ್ಕವನಿದ್ದಾಗ ಹಾಗೇ ಅಂದುಕೊಂಡಿದ್ದೆ. ಅರಮನೆಯ ಕಾಲದ ಹೆಸರು ಉಳಿದುಕೊಂಡಿದೆ, ಅಷ್ಟೇ. ಬಂದೂಕು ಬೇಕಾದವರು ಹೋಗಬೇಕಾದದ್ದು ಮೊದಲು ಪೊಲೀಸ್ ಕಮಿಷನರ್ ಕಚೇರಿಗೆ, ಆಮೇಲೆ ಪರವಾನಗಿ ಇರುವ ಅಂಗಡಿಗೆ. ಈ ಕ್ರಮ ತಲೆಕೆಳಗಾದರೆ ಮುಂದಿನ ದಾರಿ ಜೈಲಿಗೆ.

ಈಗ ತಯಾರಾಗದ ಹಳೇ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನಾಗಿಯೇ ಬಂದು ಕೂರುವ) ಪಿಸ್ತೂಲುಗಳ ಹುಚ್ಚು ನನಗೆ ಹತ್ತಿದ್ದು ಸೋದರಮಾವನಿಂದ. ಮಂಡ್ಯದ ಕಡೆ ನಾಲೆ ಬಯಲಿನ ಗದ್ದೆಯವರು. ಅವರ ಹತ್ತಿರ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಒಂದು .32 ಪಿಸ್ತೂಲು ಇತ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರಗೆ ಬರುತ್ತಿತ್ತು. ‘ಮುಟ್ಬೇಡ ಕಣ್ಲಾ, ದೂರದಿಂದ ನೋಡು’ ಅನ್ನುತ್ತಿದ್ದರು. ದೂರದಿಂದ ನೋಡಿದ್ದೇ ತಪ್ಪಾಯಿತು ನೋಡಿ.

ಮೊದಲು ಲೆಕ್ಕ: ಎಷ್ಟು ಇಟ್ಟುಕೊಳ್ಳಬಹುದು?

ಎರಡು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗುವ ಮುಂಚೆ ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು. ಈಗ ಎರಡೇ. ತಾತನಿಂದ, ಅಪ್ಪನಿಂದ ಬಂದ ಬಂದೂಕಿಗೂ ಇದೇ ಲೆಕ್ಕ. ಮನೆಯಲ್ಲಿ ಆಗಲೇ ಒಂದು ಜೋಡಿ ನಳಿಗೆ ಬಂದೂಕು ಇದ್ದು, ಅದು ನಿಮ್ಮ ಹೆಸರಿನಲ್ಲಿದ್ದರೆ ನಿಮಗೆ ಉಳಿದಿರುವುದು ಒಂದೇ ಜಾಗ.

ಅಮೆರಿಕದ ಸಂಗ್ರಾಹಕರು ಗೋಡೆ ತುಂಬ ನೂರಾರು ಪಿಸ್ತೂಲು ನೇತುಹಾಕಿರುವ ಚಿತ್ರ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ನಮ್ಮಲ್ಲಿ ಸಂಗ್ರಹ ಅಂದರೆ ಆಯ್ಕೆ. ಹತ್ತು ವರ್ಷ ನೋಡಿ, ಓದಿ, ಅಲೆದು, ಕೊನೆಗೆ ಒಂದನ್ನು ಮನೆಗೆ ತರುವುದು. ಮಿಕ್ಕಿದ್ದೆಲ್ಲ ಕಾಗದದ ಸಂಗ್ರಹ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇನ್ನೊಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. ‘ನೂರು ವರ್ಷ ಹಳೇದು ಸರ್, ಆಂಟಿಕ್ಕು, ಲೈಸೆನ್ಸ್ ಬೇಡ’ ಅಂತ ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ನಂಬಬೇಡಿ. ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲು ಆಗದಂಥ ಹಳೇ ಆಯುಧಗಳಿಗೆ. 1900ರ ಬ್ರೌನಿಂಗ್ ಪಿಸ್ತೂಲಿನಲ್ಲಿ ಇವತ್ತಿಗೂ ಗುಂಡು ಹಾರುತ್ತದೆ. ಹಾಗಾಗಿ ಅದಕ್ಕೆ ಪರವಾನಗಿ ಬೇಕೇ ಬೇಕು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ನಿಷೇಧಿತ ಬೋರಿನದಾದರೆ (ಬೋರು ಅಂದರೆ ನಳಿಗೆಯ ಒಳ ಅಳತೆ) ಕನಿಷ್ಠ 7 ವರ್ಷ.

ಪರವಾನಗಿ

ಮೈಸೂರು ನಗರ ಕಮಿಷನರೇಟ್ ವ್ಯಾಪ್ತಿಯಲ್ಲಿ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. ಮಂಡ್ಯದವರಿಗೆ ಮತ್ತು ಮೈಸೂರು ಜಿಲ್ಲೆಯ ಉಳಿದ ಭಾಗದವರಿಗೆ ಜಿಲ್ಲಾಧಿಕಾರಿ. ವಯಸ್ಸು 21 ತುಂಬಿರಬೇಕು. 2016ರ ನಿಯಮಗಳ ಪ್ರಕಾರ ಎ-1 ನಮೂನೆಯಲ್ಲಿ ಅರ್ಜಿ. ಜತೆಗೆ ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಮನೆಯಲ್ಲಿ ಹೇಗೆ ಭದ್ರವಾಗಿ ಇಡುತ್ತೀರಿ ಅನ್ನುವ ಮುಚ್ಚಳಿಕೆ, ತರಬೇತಿ ಪತ್ರ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಪ್ರಕಟಣೆ ಕಂಡರೆ ಬಿಡಬೇಡಿ. ಕಾಗದಕ್ಕಾಗಿ ಅಲ್ಲ, ಬಂದೂಕು ಹಿಡಿಯುವ ಶಿಸ್ತು ಅಲ್ಲಿ ಬರುತ್ತದೆ.

ಅರ್ಜಿಯಲ್ಲಿ ‘ಸಂಗ್ರಹಕ್ಕಾಗಿ’ ಅಂತ ಬರೆದು ಪಿಸ್ತೂಲು ಪಡೆದವರನ್ನು ನಾನು ನೋಡಿಲ್ಲ. ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ ಇವೇ ಸಾಮಾನ್ಯ ಕಾರಣಗಳು. ಹಾಗಂತ ಇಲ್ಲದ ಶತ್ರುಗಳನ್ನು ಹುಟ್ಟಿಸಿಕೊಂಡು ಸುಳ್ಳು ಬರೆಯಬೇಡಿ. ಠಾಣೆಯವರು ಮನೆಗೆ ಬಂದು, ಅಕ್ಕಪಕ್ಕ ವಿಚಾರಿಸಿ ವರದಿ ಕೊಡುತ್ತಾರೆ. ನಿಜವಾದ ಕಾರಣ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ವಾರಸು. ನಿಯಮ 25ರ ಪ್ರಕಾರ ಬಂದೂಕಿನ ಒಡೆಯರು ತೀರಿಕೊಂಡಾಗ, ಅಥವಾ ಅವರಿಗೆ 70 ವರ್ಷ ತುಂಬಿದಾಗ, ಅಥವಾ 25 ವರ್ಷ ಅದನ್ನು ಇಟ್ಟುಕೊಂಡಿದ್ದಾಗ ಕಾನೂನುಬದ್ಧ ವಾರಸುದಾರರು ಅರ್ಜಿ ಹಾಕಬಹುದು. ಮಾವನ ವೆಬ್ಲಿ ಅವರ ಮಗನಿಗೆ ಹೋಗಿದ್ದು ಹೀಗೆ. ನನಗೆ ಬರಲಿಲ್ಲ. ಸೋದರಳಿಯ ವಾರಸುದಾರ ಅಲ್ವಲ್ಲ!

ಪರವಾನಗಿ ಕೈಗೆ ಬಂದ ಮೇಲೆ ಮೂರು ಸಂಗತಿ ಓದಿ: ಯಾವ ಬಗೆಯ ಬಂದೂಕು, ಎಲ್ಲಿಯವರೆಗೆ ವ್ಯಾಪ್ತಿ (ಕರ್ನಾಟಕವೋ, ಇಡೀ ದೇಶವೋ), ಕೊಳ್ಳಲು ಎಷ್ಟು ಗಡುವು. ಗಡುವು ಓದದೆ ಅಪರೂಪದ ಮಾಡೆಲ್ಲಿಗೆ ಕಾಯುತ್ತಾ ಕೂತು ಪರದಾಡಿದವರಿದ್ದಾರೆ. ಗಡುವು ಹತ್ತಿರ ಬಂದರೆ ವಿಸ್ತರಣೆಗೆ ಮೊದಲೇ ಅರ್ಜಿ ಕೊಡಿ.

ಏನನ್ನು ಹುಡುಕಬೇಕು

ನಮ್ಮ ದೇಶದಲ್ಲಿ ಪಿಸ್ತೂಲಿನ ಚರಿತ್ರೆಗಿಂತ ಮೊದಲು ಬೋರಿನ ಚರಿತ್ರೆ ಗೊತ್ತಿರಬೇಕು. ಸೈನ್ಯದ 9 ಎಂಎಂ ತೋಟಾ ಹಾರಿಸುವಂಥವು ನಿಷೇಧಿತ. ಹಾಗಾಗಿ ಲೂಗರ್ ಪಿ 08, ಬ್ರೌನಿಂಗ್ ಹೈ ಪವರ್ ಇವೆಲ್ಲ ಪುಸ್ತಕದಲ್ಲೇ ಚೆಂದ. ನಮಗೆ ದಕ್ಕುವುದು ಮುಖ್ಯವಾಗಿ .32, ಅಂದರೆ ಯುರೋಪಿನ ಲೆಕ್ಕದಲ್ಲಿ 7.65 ಎಂಎಂ ಬ್ರೌನಿಂಗ್. ಜತೆಗೆ ಪುಟಾಣಿ .25 ಮತ್ತು .22. ಪಿಸ್ತೂಲಿನ ಮೇಲೆ 9 ಅನ್ನುವ ಅಂಕಿ ಯಾವ ರೂಪದಲ್ಲಿ ಕಂಡರೂ ಪರವಾನಗಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳದೆ ಮುಂದುವರಿಯಬೇಡಿ.

ಇನ್ನೊಂದು ಗೊಂದಲ. .32 ಅಂದರೆ ಎಲ್ಲವೂ ಒಂದೇ ಅಲ್ಲ. ರಿವಾಲ್ವರಿನ .32 ತೋಟಾ ಬೇರೆ, ಪಿಸ್ತೂಲಿನ .32 ತೋಟಾ ಬೇರೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಹಾಗೇ 7.65 ಬ್ರೌನಿಂಗ್ ಬೇರೆ, 7.65 ಪ್ಯಾರಾಬೆಲ್ಲಮ್ ಬೇರೆ.

1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ವಿದೇಶಿ ಬಂದೂಕಿನ ಆಮದು ನಿಂತುಹೋಯಿತು. ಹೆಸರಾಂತ ಶೂಟರುಗಳಿಗೆ ಮಾತ್ರ ರಿಯಾಯಿತಿ. ಹಾಗಾಗಿ ದೇಶದೊಳಗೆ ಆಗ ಎಷ್ಟಿತ್ತೋ ಅಷ್ಟೇ ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ. ಯುರೋಪಿನಲ್ಲಿ ಯಾರೂ ತಿರುಗಿ ನೋಡದ ಪಿಸ್ತೂಲಿಗೆ ಇಲ್ಲಿ ಲಕ್ಷಗಳಲ್ಲಿ ಮಾತು ಶುರುವಾಗುವುದು ಇದೇ ಕಾರಣಕ್ಕೆ. ಬೆಲೆ ಹೆಚ್ಚು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ನನ್ನ ಕಣ್ಣಿಗೆ ಹುಡುಕಲು ಯೋಗ್ಯವಾದವು ಇವು.

ಎಫ್‌ಎನ್ ಬ್ರೌನಿಂಗ್ 1900. .32 ತೋಟಾ ಹುಟ್ಟಿದ್ದೇ ಈ ಪಿಸ್ತೂಲಿನ ಜತೆ. ವಿನ್ಯಾಸ ಮಾಡಿದ ಜಾನ್ ಬ್ರೌನಿಂಗ್ ಅಮೆರಿಕದವನು. ತಯಾರಾಗಿದ್ದು ಬೆಲ್ಜಿಯಂನ ಲೀಜ್ ಪಕ್ಕದ ಎಫ್‌ಎನ್ ಕಂಪನಿಯ ಕಾರ್ಖಾನೆಯಲ್ಲಿ. 1926ರಲ್ಲಿ ಆತ ತೀರಿಕೊಂಡಿದ್ದೂ ಅದೇ ಕಾರ್ಖಾನೆಯಲ್ಲೇ. ಇದರಲ್ಲಿ ಸ್ಪ್ರಿಂಗು ನಳಿಗೆಯ ಮೇಲೆ ಕೂತಿರುತ್ತದೆ, ಹಾಗಾಗಿ ಮುಂದಿನಿಂದ ನೋಡಿದರೆ ಎರಡು ನಳಿಗೆ ಇದ್ದಂತೆ ಕಾಣುತ್ತದೆ.

ಎಫ್‌ಎನ್ 1910. ಇದರಲ್ಲಿ ಬ್ರೌನಿಂಗ್ ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿಬಿಟ್ಟ. ಪಿಸ್ತೂಲು ತೆಳ್ಳಗಾಯಿತು, ನಯವಾಯಿತು. ಆಮೇಲೆ ಬಂದ ಎಷ್ಟೋ ಕಂಪನಿಗಳು ಇದನ್ನೇ ಅನುಸರಿಸಿದವು. 7 ತೋಟಾ ಹಿಡಿಯುತ್ತದೆ. ನನ್ನ ಹತ್ತಿರ ಇರುವುದು ಇದೇ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿ ಕೇಳಿಸಿಕೊಳ್ಳಿ.

ಕೋಲ್ಟ್ 1903. 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಪೂರ್ತಿ ಹೆಸರು ಪಾಕೆಟ್ ಹ್ಯಾಮರ್‌ಲೆಸ್. ಹೆಸರಿನಲ್ಲಿ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆ) ಇಲ್ಲ ಅಂತ ಇದ್ದರೂ ಅದು ಒಳಗೆ ಅಡಗಿಕೊಂಡಿರುತ್ತದೆ.

ವೆಬ್ಲಿ ಅಂಡ್ ಸ್ಕಾಟ್ .32. ಬರ್ಮಿಂಗ್‌ಹ್ಯಾಮ್ ಮಾಲು. ಲಂಡನ್ ಪೊಲೀಸರೂ ಬಳಸಿದ್ದು. ನೋಡಲು ಮರದ ಪೆಟ್ಟಿಗೆಗೆ ಹಿಡಿ ಜೋಡಿಸಿದ ಹಾಗೆ ಒರಟು. ಆದರೆ ಬಿಚ್ಚುವ ರೀತಿ ನೋಡಬೇಕು. ಟ್ರಿಗರಿನ ಸುತ್ತಲ ಬಳೆಯೇ ಸ್ಪ್ರಿಂಗಿನಂತೆ ಬಾಗಿ ನಳಿಗೆಯನ್ನು ಬಿಡುತ್ತದೆ. ಬ್ರಿಟಿಷ್ ಕಾಲದ ನಂಟಿನಿಂದ ನಮ್ಮ ಕಡೆ ಸಿಗುವ ಸಾಧ್ಯತೆ ಜಾಸ್ತಿ.

ವಾಲ್ಥರ್ ಪಿಪಿ. 1929ರಲ್ಲಿ ಬಂತು. ಮೊದಲ ಗುಂಡಿಗೂ ಟ್ರಿಗರ್ ಎಳೆದರೆ ಸಾಕು ಅನ್ನುವ ಡಬಲ್ ಆಕ್ಷನ್ ವ್ಯವಸ್ಥೆಯನ್ನು ಜನಪ್ರಿಯ ಮಾಡಿದ್ದು ಇದು. ಒಂದೇ ಪಿಸ್ತೂಲಿಗೆ ಮೂರು ವಿಳಾಸ: ಎರಡನೇ ಮಹಾಯುದ್ಧ ಮುಗಿಯುವವರೆಗಿನದರಲ್ಲಿ ಜರ್ಮನಿಯ ಝೆಲ್ಲಾ ಮೇಲಿಸ್, ಯುದ್ಧದ ನಂತರ ಫ್ರಾನ್ಸಿನ ಮನ್ಯೂರಾಂ, ಆಮೇಲೆ ಜರ್ಮನಿಯ ಉಲ್ಮ್. ಮಾರುವವರಿಗೆ ಮೂರೂ ‘ಜರ್ಮನ್ ವಾಲ್ಥರ್’. ನೀವು ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮೇಲಿನ ಅಕ್ಷರ ಓದಿ ಬೆಲೆ ಕಟ್ಟಬೇಕು.

ಮೌಸರ್ ಎಚ್‌ಎಸ್‌ಸಿ, ಚೆಕ್ ದೇಶದ ಸಿಝಡ್ 27, ಸೌವರ್ 38 ಎಚ್ ಇವೂ ಒಳ್ಳೆಯವೇ. ಮೊದಲ ಮಹಾಯುದ್ಧದಲ್ಲಿ ಸ್ಪೇನಿನ ಸಣ್ಣಪುಟ್ಟ ವರ್ಕ್‌ಶಾಪುಗಳು ರೂಬಿ ಮಾದರಿಯ ಪಿಸ್ತೂಲುಗಳನ್ನು ಲಕ್ಷಾಂತರ ಮಾಡಿದವು. ಒಂದರ ಮ್ಯಾಗಜೀನು (ತೋಟಾ ತುಂಬುವ ಡಬ್ಬಿ) ಇನ್ನೊಂದಕ್ಕೆ ಕೂರುವ ಗ್ಯಾರಂಟಿ ಇಲ್ಲ. ಹೊಸಬರು ದೂರ ಇದ್ದರೆ ಒಳ್ಳೆಯದು.

ಎಲ್ಲಿ ಹುಡುಕಬೇಕು

ಇದೇ ನಿಜವಾದ ಮಜಾ. ಅಪರೂಪದ ಪಿಸ್ತೂಲು ಅಂಗಡಿಯ ಗಾಜಿನ ಶೋಕೇಸಿನಲ್ಲಿ ಇರುವುದಿಲ್ಲ. ಅದು ಹಿಂದಿನ ಕೋಣೆಯ ಬೀರುವಿನಲ್ಲಿ, ಡಿಪಾಸಿಟ್ ಚೀಟಿ ಕಟ್ಟಿಸಿಕೊಂಡು ಮಲಗಿರುತ್ತದೆ. ಒಡೆಯರು ತೀರಿಕೊಂಡರೆ, ಪರವಾನಗಿ ಮುಗಿದರೆ, ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಇಡಬೇಕು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಯಾರಿಗೂ ಬೇಡ. ಗಡುವಿನೊಳಗೆ ಯಾರೂ ಬರದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲು. ಆದ್ದರಿಂದ ಅಂಗಡಿಯವರನ್ನು ‘ಪಿಸ್ತೂಲು ಇದೆಯಾ?’ ಅಂತ ಕೇಳಬೇಡಿ. ‘ಡಿಪಾಸಿಟ್‌ನಲ್ಲಿ ಇರೋರು ಯಾರಾದ್ರೂ ಮಾರ್ತಾರಾ, ಯಜಮಾನ್ರೆ?’ ಅಂತ ಕೇಳಿ. ಮೊದಲ ಸಲ ಇಲ್ಲ ಅನ್ನುತ್ತಾರೆ. ಮೂರನೇ ಸಲ ಕಾಫಿ ತರಿಸುತ್ತಾರೆ. ಐದನೇ ಸಲ ಒಂದು ಹೆಸರು ಹೇಳುತ್ತಾರೆ.

ಮೈಸೂರಿನ ಇನ್ನೊಂದು ಅನುಕೂಲ, ಇದು ನಿವೃತ್ತರ ಊರು. ಸೈನ್ಯದಿಂದ, ಪೊಲೀಸಿನಿಂದ, ಕಾಫಿ ತೋಟಗಳಿಂದ ಬಂದು ನೆಲೆಸಿದ ಹಿರಿಯರು ಬೇಕಾದಷ್ಟಿದ್ದಾರೆ. ಮಂಡ್ಯ ಕಡೆ ಹಳೇ ಜಮೀನುದಾರರ ಮನೆಗಳು. ಇಂಥ ಮನೆಗೆ ಹೋಗುವಾಗ ಪರಿಚಯದವರ ಮೂಲಕ ಹೋಗಿ. ನೇರವಾಗಿ ಪಿಸ್ತೂಲಿನ ಮಾತು ಎತ್ತಿದರೆ ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ, ಅದು ಸರಿಯೂ ಹೌದು. ನಿಮ್ಮ ಪರವಾನಗಿಯ ನಕಲು ಮೊದಲು ತೋರಿಸಿ. ನಾನು ಒಬ್ಬ ಹಿರಿಯರ ಮನೆಗೆ ಎರಡು ವರ್ಷದಲ್ಲಿ ಒಂಬತ್ತು ಸಲ ಹೋಗಿದ್ದೆ. ಏಳು ಸಲ ಬರೀ ಗುಲಾಬಿ ಗಿಡದ ಮಾತು. ಎಂಟನೇ ಸಲ ಅವರೇ, ‘ನೀವು ಅದನ್ನ ನೋಡೋಕೆ ತಾನೆ ಬರೋದು?’ ಅಂದರು. ನನ್ನ 1910 ಬಂದಿದ್ದು ಆ ಮನೆಯಿಂದ.

ಕೇಳಲು ಒಳ್ಳೆಯ ಕಾಲವೂ ಇದೆ. ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಮುಗಿದ ಮೇಲೆ ವಾಪಸು ತರಲು ಓಡಾಡುವಾಗ ವಯಸ್ಸಾದವರಿಗೆ ‘ಇನ್ನು ಸಾಕಪ್ಪ ಇದರ ಸಹವಾಸ’ ಅನ್ನಿಸುತ್ತದೆ. ಪರವಾನಗಿ ನವೀಕರಣದ ಸಮಯವೂ ಅಷ್ಟೇ.

ಮೊಬೈಲಿನಲ್ಲಿ ಫೋಟೊ ಕಳಿಸಿ ‘ಅಡ್ವಾನ್ಸ್ ಹಾಕಿ, ಕೊರಿಯರ್ ಮಾಡ್ತೀವಿ’ ಅನ್ನುವವರನ್ನು ಅಲ್ಲೇ ಬ್ಲಾಕ್ ಮಾಡಿ. ಒಂದೋ ಮೋಸ, ಇಲ್ಲವೋ ಅಪರಾಧ. ಬೇರೆ ಸಾಧ್ಯತೆ ಇಲ್ಲ.

ಕೈಗೆ ಬಂದಾಗ ಹೇಗೆ ನೋಡಬೇಕು

ಮೊದಲ ಕೆಲಸ, ಖಾಲಿ ಇದೆಯಾ ನೋಡುವುದು. ನಳಿಗೆ ಜನರಿಲ್ಲದ ಕಡೆಗೆ, ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್ ಹಿಂದೆಳೆದು ಚೇಂಬರಿನೊಳಗೆ (ಹಾರಲು ಸಿದ್ಧವಾದ ತೋಟಾ ಕೂರುವ ನಳಿಗೆಯ ಹಿಂಭಾಗ) ಕಣ್ಣಿಂದಲೂ ನೋಡಿ, ಕಿರುಬೆರಳಿಂದಲೂ ಮುಟ್ಟಿ ನೋಡಿ. ಈ ಕ್ರಮ ಉಲ್ಟಾ ಆದರೆ ಸ್ಲೈಡ್ ಎಳೆದಾಗ ಮ್ಯಾಗಜೀನಿನ ತೋಟಾ ಚೇಂಬರಿಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು ಖಾಲಿ ಅಂದುಕೊಳ್ಳುತ್ತೀರಿ. ಎಷ್ಟೋ ಅನಾಹುತ ಆಗಿರುವುದು ಹೀಗೇ. ‘ಮೂವತ್ತು ವರ್ಷದಿಂದ ಖಾಲಿನೇ ಇದೆ’ ಅಂತ ಹೇಳಿದರೂ ನೋಡಿ. ಹಾಗೆ ಹೇಳಿದಾಗಲಂತೂ ತಪ್ಪದೆ ನೋಡಿ.

ಆಮೇಲೆ ನಂಬರು. ಎಫ್‌ಎನ್ 1910ರಲ್ಲಿ ನಂಬರು ಮೂರು ಕಡೆ ಇರುತ್ತದೆ: ಚೌಕಟ್ಟಿನ ಮೇಲೆ, ಸ್ಲೈಡಿನ ಮೇಲೆ, ನಳಿಗೆಯ ಮೇಲೆ. ಮೂರೂ ಒಂದೇ ಆಗಿರಬೇಕು. ಕೋಲ್ಟ್ 1903ರಲ್ಲಿ ಚೌಕಟ್ಟಿನ ಮೇಲೆ ಮಾತ್ರ. ಎಲ್ಲಕ್ಕಿಂತ ಮುಖ್ಯ, ಚೌಕಟ್ಟಿನ ನಂಬರು ಮಾರುವವರ ಪರವಾನಗಿ ಪುಸ್ತಕದಲ್ಲಿರುವ ನಂಬರಿಗೆ ಅಕ್ಷರ ಅಕ್ಷರ ಹೊಂದಬೇಕು. ಹಳೇ ಗುಮಾಸ್ತರು 1 ಅನ್ನು 7 ಮಾಡಿರುತ್ತಾರೆ. ಹೊಂದದಿದ್ದರೆ ಅವರ ಕಚೇರಿಯಲ್ಲಿ ತಿದ್ದಿಸಿಕೊಂಡು ಬರಲಿ, ಆಮೇಲೆ ಮಾತು. ನಂಬರನ್ನು ಉಜ್ಜಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಮುದ್ರೆ. ಬೆಲ್ಜಿಯಂ ಪಿಸ್ತೂಲಿನಲ್ಲಿ ಅಂಡಾಕಾರದೊಳಗೆ ಇ ಎಲ್ ಜಿ ಅಕ್ಷರ, ಮೇಲೆ ಕಿರೀಟ ಇರುತ್ತದೆ. ಅದು ಲೀಜ್ ಪರೀಕ್ಷಾಲಯದ ಗುರುತು. ಹಳೇ ಜರ್ಮನ್ ಮಾಲಿನಲ್ಲಿ ಕಿರೀಟದ ಕೆಳಗೆ ಎನ್, ಎರಡನೇ ಮಹಾಯುದ್ಧದ ಕಾಲದ್ದರಲ್ಲಿ ಹದ್ದಿನ ಕೆಳಗೆ ಎನ್. ಯುದ್ಧದ ನಂತರದ ಉಲ್ಮ್‌ನದಾದರೆ ಜಿಂಕೆಯ ಕೊಂಬು. ಝೆಲ್ಲಾ ಮೇಲಿಸ್ ವಿಳಾಸದ ಸ್ಲೈಡಿನ ಪಿಸ್ತೂಲಿನಲ್ಲಿ ಜಿಂಕೆ ಕೊಂಬು ಕಂಡರೆ ಎರಡು ಪಿಸ್ತೂಲು ಸೇರಿಸಿ ಒಂದು ಮಾಡಿದ್ದಾರಾ, ನಳಿಗೆ ಬದಲಾಗಿ ಮತ್ತೆ ಪರೀಕ್ಷೆ ಆಗಿದೆಯಾ ಅಂತ ಕೇಳಿ.

ಈಗ ಮೈಬಣ್ಣ. ಇಲ್ಲೇ ನಾನು ಪೆಟ್ಟು ತಿನ್ನುವುದರಲ್ಲಿದ್ದೆ. ಒಂದು ಕೋಲ್ಟ್ ತೋರಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಕೈ ಜೇಬಿಗೆ ಹೋಗಿಬಿಟ್ಟಿತ್ತು. ಜತೆಗಿದ್ದ ಸ್ನೇಹಿತರು ಸುಮ್ನೆ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಅದನ್ನು ಓರೆಯಾಗಿ ಹಿಡಿದು ತೋರಿಸಿದರು. ಕಂಪನಿಯ ಕುದುರೆ ಚಿತ್ರದ ಕಾಲುಗಳೇ ಮಾಯ. ಅಕ್ಷರಗಳ ಅಂಚು ಕರಗಿದ ಸಾಬೂನಿನ ಮೇಲಿನ ಅಕ್ಷರದ ಹಾಗೆ. ಸ್ಕ್ರೂ ತೂತುಗಳ ಸುತ್ತ ತಗ್ಗು. ತುಕ್ಕು ಹಿಡಿದದ್ದನ್ನು ಪಾಲಿಶ್ ಮಾಡಿ ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡು ನೀಲಿ ಬಣ್ಣದ ಲೇಪ) ಮಾಡಿಸಿದ್ದರು. ಅಂಥದ್ದಕ್ಕಿಂತ ಬಣ್ಣ ಹೋಗಿ ಬೂದು ಬಿದ್ದ, ಆದರೆ ಅಂಚು ಚೂಪಾಗಿರುವ ಪಿಸ್ತೂಲು ಮೇಲು. ಹಿಡಿಯ ಪಟ್ಟಿ ಬಿಚ್ಚಿ ಒಳಗೂ ನೋಡಿ. ಬೆವರು ಇಳಿದು ತುಕ್ಕು ಅಲ್ಲೇ ಅಡಗಿರುತ್ತದೆ.

ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ಬಿಚ್ಚಿ ಬೇರೆ ತೆಗೆದ ಮೇಲೆ, ಜೋಡಿಸಿದ ಪಿಸ್ತೂಲಿಗೆ ಕಣ್ಣಿಟ್ಟಲ್ಲ. ಹಳೇ ತೋಟಾಗಳ ಪ್ರೈಮರಿನಿಂದ (ಕಿಡಿ ಹೊತ್ತಿಸುವ ಭಾಗ) ಬಂದ ಲವಣ ನಳಿಗೆಯಲ್ಲಿ ಉಳಿದು ತೇವ ಎಳೆದುಕೊಂಡು ಗುಳಿ ಬೀಳಿಸುತ್ತದೆ. ಸ್ವಲ್ಪ ಗುಳಿ ಇದ್ದರೆ ಪರವಾಗಿಲ್ಲ. ಆದರೆ ಒಂದು ಕಪ್ಪು ಬಳೆಯ ಹಾಗೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಬೇಡ.

ಮ್ಯಾಗಜೀನ್ ಕಂಪನಿಯದ್ದೇ ಆಗಿದ್ದರೆ ಒಳ್ಳೆಯ ಬೆಲೆ ಕೊಡಿ. ಬಿಡಿಭಾಗಗಳಿಗೆ ಪರದೇಶದ ಅಂಗಡಿಗೆ ಆರ್ಡರ್ ಹಾಕುವ ಯೋಚನೆ ಬಿಡಿ. ಕಾಯ್ದೆಯ ಲೆಕ್ಕದಲ್ಲಿ ಬಂದೂಕಿನ ಭಾಗವೂ ಆಯುಧವೇ. ರಿಪೇರಿಯೂ ಪರವಾನಗಿ ಇರುವವರ ಹತ್ತಿರವೇ ಆಗಬೇಕು. ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಲ್ಲ.

ಕೊಳ್ಳುವುದು

ನೇರವಾಗಿ ಒಬ್ಬರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರ ಹೆಸರು, ವಿಳಾಸ, ಪಿಸ್ತೂಲಿನ ವಿವರ ಎಲ್ಲ ಅದರಲ್ಲಿ ಇರಬೇಕು. ಅಷ್ಟರವರೆಗೆ ಪಿಸ್ತೂಲು ಕೈ ಬದಲಾಗಬಾರದು. ಪರವಾನಗಿ ಇರುವ ಅಂಗಡಿಯ ಮೂಲಕ ಮಾಡಿದರೆ ಕಾಗದ ಪತ್ರ ಸಲೀಸು. ಅವರ ಕಮಿಷನ್ನು ದಂಡ ಅಂತ ನನಗೆ ಅನ್ನಿಸಿಲ್ಲ. ಬೇರೆ ರಾಜ್ಯದ ಪಿಸ್ತೂಲಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಮತ್ತು ನಿಮ್ಮ ಪರವಾನಗಿಯ ವ್ಯಾಪ್ತಿ ಎರಡನ್ನೂ ಮೊದಲೇ ನೋಡಿಕೊಳ್ಳಿ. ತಂದ ಮೇಲೆ ನಿಮ್ಮ ಕಚೇರಿಯಲ್ಲಿ ತೋರಿಸಿ ನಂಬರು ದಾಖಲು ಮಾಡಿಸಿ. ರಸೀದಿ, ಪತ್ರ ಎಲ್ಲದರ ಮೂರು ಮೂರು ನಕಲು ಇಡಿ.

ಪರವಾನಗಿ ಸಿಗದವರಿಗೆ

ಬೇಜಾರು ಬೇಡ. ಶಕ್ತಿ 20 ಜೂಲ್ ಒಳಗಿದ್ದು .177 ಬೋರಿನ ಏರ್ ಪಿಸ್ತೂಲುಗಳಿಗೆ ಪರವಾನಗಿ ಬೇಡ. ಅದರಲ್ಲೂ ತಯಾರಿಕೆ ನಿಂತ ಒಳ್ಳೊಳ್ಳೆಯ ಮಾಡೆಲ್‌ಗಳಿವೆ. ಫೈನ್‌ವರ್ಕ್‌ಬೌ 65 ಅನ್ನುವ ಜರ್ಮನ್ ಏರ್ ಪಿಸ್ತೂಲು ಸ್ಪರ್ಧೆಗಳಲ್ಲಿ ದಶಕಗಟ್ಟಲೆ ಮೆರೆದದ್ದು. ಹಳೇ ಶೂಟರುಗಳ ಮನೆಯಲ್ಲಿ ವಿಚಾರಿಸಿ. ಇನ್ನು ಕಾಗದದ ಸಂಗ್ರಹಕ್ಕೆ ಮಿತಿಯೇ ಇಲ್ಲ. ಹಳೇ ಕ್ಯಾಟಲಾಗ್, ಬಳಕೆಯ ಕೈಪಿಡಿ, ಚರ್ಮದ ಹೋಲ್‌ಸ್ಟರ್, ಶುಚಿ ಮಾಡುವ ಕಡ್ಡಿ, ಬ್ರಿಟಿಷ್ ಕಾಲದ ಅಂಗಡಿಗಳ ಬಿಲ್ಲು. ನನ್ನ ಹತ್ತಿರ ಪಿಸ್ತೂಲು ಒಂದು, ಕಾಗದ ಎರಡು ಟ್ರಂಕು.

ಮನೆಯಲ್ಲಿ ಇಡುವುದು

ಬೀಗವಿರುವ ಉಕ್ಕಿನ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕಿದ್ದು. ತೋಟಾ ಬೇರೆ ಕಡೆ. ಚರ್ಮದ ಹೋಲ್‌ಸ್ಟರಿನಲ್ಲಿ ಪಿಸ್ತೂಲು ಇಡಬೇಡಿ. ಚರ್ಮ ತೇವ ಹಿಡಿದು ಒಂದೇ ಮಳೆಗಾಲದಲ್ಲಿ ತುಕ್ಕು ತರುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಗಟ್ಟಿಯಾಗಿ ಅಂಟಾಗುತ್ತದೆ. ಬಂದೂಕಿನ ಎಣ್ಣೆ ತೆಳ್ಳಗೆ ಒರೆಸಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಗಾಗ ಬದಲಿಸಿ.

ಇನ್ನು ಆಯುಧ ಪೂಜೆ. ಹಬ್ಬದ ಖುಷಿಗೆ ಅಂತ ಗಾಳಿಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೂಜೆಗೆ ಇಡುವಾಗ ಮ್ಯಾಗಜೀನ್ ಹೊರಗೆ, ಚೇಂಬರ್ ಖಾಲಿ. ಮೊದಲ ವರ್ಷ ನಮ್ಮ ಅಮ್ಮ ಭಕ್ತಿಯಿಂದ ನೀರಿನಲ್ಲಿ ಕಲಸಿದ ಅರಿಶಿನ, ಕುಂಕುಮವನ್ನು ಸ್ಲೈಡಿಗೇ ಹಚ್ಚಿದರು. ವಿಜಯದಶಮಿ ಜಂಬೂ ಸವಾರಿ ನೋಡಿಕೊಂಡು ಬರುವಷ್ಟರಲ್ಲಿ ನೂರು ವರ್ಷದ ಬ್ಲೂಯಿಂಗ್ ಮೇಲೆ ಮೂರು ಬೊಟ್ಟು ತುಕ್ಕು. ಅದು ಇವತ್ತಿಗೂ ಹೋಗಿಲ್ಲ. ಈಗ ಕುಂಕುಮ ಪೆಟ್ಟಿಗೆಗೆ ಮಾತ್ರ, ಪಿಸ್ತೂಲಿಗೆ ಒಂದು ಸೇವಂತಿಗೆ ಹೂವು.